ಹುಲಸೂರ ಟಿಪ್ಪಣಿಗಳು: ತೊಂಬತ್ತು ದಾಟಿದವರ ಬಿಪಿ

1
ಬೀದರ ಜಿಲ್ಲೆಯ ಹುಲಸೂರಿನಲ್ಲಿ ತೀರ ಹಳಬರ ವಯಸ್ಸು ಕೇಳಿದರೆ ಅಂಕಿ ಬರುವುದಿಲ್ಲ, ಘಟನೆ ಬರುತ್ತದೆ. ‘ರಜಾಕಾರರ ಗದ್ದಲದಾಗ ನನ್ನ ಲಗ್ನ ಆಗಿತ್ತು’ ಎಂದರು ಒಬ್ಬ ಆಯಿ. ‘ಪೊಲೀಸ್ ಆ್ಯಕ್ಷನ್ ಆದಾಗ ನಾ ದನಾ ಕಾಯ್ತಿದ್ದೆ’ ಎಂದರು ಒಬ್ಬ ಮುತ್ಯಾ. ಬಿಪಿ ಎಷ್ಟು ಎಂದರೆ ಮಾತ್ರ ಥಟ್ಟನೆ ಅಂಕಿ. ‘ಒಂದ್ನೂರಾ ಎಪ್ಪತ್ತು ಅದ ಅಂದ್ರು.’

2
ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ನಡೆದದ್ದು 1948ರ ಸೆಪ್ಟೆಂಬರ್ 13ರಿಂದ 17ರವರೆಗೆ. ಬಸವಕಲ್ಯಾಣ ಸೀಮೆಯ ಗೋರಟಾದಲ್ಲಿ ನಿಜಾಮರ ಪರವಾದ ರಜಾಕಾರರು ನಡೆಸಿದ ಹತ್ಯಾಕಾಂಡ ಅದೇ ವರ್ಷದ ಮೇ ತಿಂಗಳಲ್ಲಿ. ಆಗ ಹದಿನಾಲ್ಕು ಹದಿನೈದರ ಸೊಸೆಯಾಗಿದ್ದವರು ಈಗ ತೊಂಬತ್ತರ ಆಚೆ ಇದ್ದಾರೆ.

3
1948ರಲ್ಲೇ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಅಧ್ಯಯನ ಶುರುವಾಯಿತು. 30ರಿಂದ 62 ವಯಸ್ಸಿನ 5209 ಮಂದಿ. ಎರಡು ವರ್ಷಕ್ಕೊಮ್ಮೆ ಎಲ್ಲರ ತಪಾಸಣೆ. ಬಿಪಿ ಏರಿದವರಿಗೆ ಹೃದಯದ ಬೇನೆ, ಲಕ್ವಾ ಹೆಚ್ಚು ಎಂದು ಇವತ್ತು ನಾವು ನಂಬುವುದಕ್ಕೆ ಆ ಊರಿನ ಲೆಕ್ಕ ದೊಡ್ಡ ಆಧಾರ. ಶುರುವಿನಲ್ಲಿ ಅಲ್ಲಿ ತೊಂಬತ್ತರವರು ಒಬ್ಬರೂ ಇರಲಿಲ್ಲ.

4
ಇಲ್ಲಿಯವರ ಹುಟ್ಟಿದ ವರ್ಷ ಹುಡುಕಹೋದರೆ, ನಿಜಾಮರ ಆಡಳಿತದ ಕಾಗದಗಳಲ್ಲಿ ಇಸವಿ ಫಸಲಿ, ಬರಹ ಉರ್ದು. ಫಸಲಿಗೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ. ಶಾಲೆಗೆ ಹೋದ ಗಂಡುಮಕ್ಕಳಲ್ಲಿ ಬಹಳ ಮಂದಿಯ ಜನ್ಮದಿನ ಜೂನ್ 1. ಹೆಸರು ಹಚ್ಚುವಾಗ ಮಾಸ್ತರರು ಬರೆದ ದಿನ ಅದು. ಶಾಲೆಯ ಮುಖ ನೋಡದ ಹೆಣ್ಣುಮಕ್ಕಳಿಗೆ ಅದೂ ಇಲ್ಲ.

5
ಹುಲಸೂರ ತಾಲೂಕಾದದ್ದು 2018ರಲ್ಲಿ. ಅದಕ್ಕೂ ಮೊದಲು ಬಸವಕಲ್ಯಾಣ ತಾಲೂಕು. 1956ರ ನವೆಂಬರ್ 1ಕ್ಕೂ ಮೊದಲು ಹೈದರಾಬಾದ್ ರಾಜ್ಯ. ಮನೆ ಬದಲಿಸದ ಮುದುಕಿಯ ವಿಳಾಸ ಇಷ್ಟು ಸಲ ಬದಲಾಗಿದೆ.

6
2011ರ ಜನಗಣತಿಯಲ್ಲಿ ಭಾರತದಲ್ಲಿ ನೂರು ಮತ್ತು ಅದಕ್ಕೂ ಮೇಲ್ಪಟ್ಟವರು ಆರು ಲಕ್ಷಕ್ಕಿಂತ ಹೆಚ್ಚು. ಜಪಾನಿನಲ್ಲಿ 2024ರ ಲೆಕ್ಕ 95,119. ದೀರ್ಘಾಯುಷ್ಯಕ್ಕೆ ಹೆಸರಾದ ದೇಶ ಜಪಾನ್.

7
2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಕರ್ನಾಟಕದ ಮತದಾರರ ಪಟ್ಟಿಯಲ್ಲಿ ಶತಾಯುಷಿಗಳು ಹದಿನಾರು ಸಾವಿರಕ್ಕೂ ಹೆಚ್ಚು. ಆ ಸಲ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಕೊಟ್ಟರು. ಮರುವರ್ಷ ಲೋಕಸಭಾ ಚುನಾವಣೆಗೆ ಅದನ್ನು 85ಕ್ಕೆ ಏರಿಸಿದರು.

8
ಜನಗಣತಿಯ ವಯಸ್ಸಿನ ಪಟ್ಟಿಯಲ್ಲಿ 60, 65, 70, 80ರ ಹತ್ತಿರ ಜನ ಗುಂಪುಗೂಡುತ್ತಾರೆ. 79 ವಿರಳ. 81 ವಿರಳ.

9
ದವಾಖಾನೆಯ ರಜಿಸ್ಟರುಗಳಲ್ಲಿ ಬಿಪಿಯೂ ಹಾಗೆಯೇ: 140/90, 150/90, 160/100. ಪಾದರಸದ ಉಪಕರಣದ ಗೆರೆಗಳು ಎರಡೆರಡರ ಅಂತರದಲ್ಲಿವೆ. ಸರಿಯಾಗಿ ಓದಿದರೆ ಐದರಲ್ಲಿ ಒಂದೇ ಸಲ ಕೊನೆಗೆ ಸೊನ್ನೆ ಬರಬೇಕು. ಜಗತ್ತಿನ ಎಲ್ಲ ಕಡೆ ಸೊನ್ನೆ ಅದಕ್ಕಿಂತ ಹೆಚ್ಚು ಬರುತ್ತದೆ.

10
2010ರಲ್ಲಿ ಟೋಕಿಯೊದ ಅತಿ ಹಿರಿಯ ಗಂಡಸು ಎಂದು ದಾಖಲಾಗಿದ್ದ 111 ವರ್ಷದವರನ್ನು ಅಭಿನಂದಿಸಲು ಅಧಿಕಾರಿಗಳು ಮನೆಗೆ ಹೋದರು. ಅವರು ತೀರಿಕೊಂಡು ಮೂವತ್ತು ವರ್ಷ ಕಳೆದಿತ್ತು. ಆಮೇಲೆ ಕುಟುಂಬ ದಾಖಲೆಗಳನ್ನು ತೆಗೆದು ನೋಡಿದರೆ ಎಲ್ಲಿದ್ದಾರೆಂದು ತಿಳಿಯದ ಶತಾಯುಷಿಗಳು ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು.

11
ದಾಖಲೆ ಕೆಟ್ಟಿರುವ ಕಡೆಯೇ ನೂರಾಹತ್ತು ದಾಟಿದವರು ಹೆಚ್ಚು ಸಿಗುತ್ತಾರೆ ಎಂದು ಲೆಕ್ಕ ಹಾಕಿ ತೋರಿಸಿದ ಸಂಶೋಧಕ ಸಾಲ್ ನ್ಯೂಮನ್. 2024ರಲ್ಲಿ ಅವರಿಗೆ ಇಗ್‌ ನೊಬೆಲ್ ಬಂತು.

12
ಹೀಗಿದ್ದರೂ ಇಲ್ಲಿಯ ತೊಂಬತ್ತರವರು ತೊಂಬತ್ತರವರೇ. ಕಾಗದ ತಪ್ಪಬಹುದು, ರಜಾಕಾರರ ಗದ್ದಲ ನೆನಪಿರುವವರ ಲೆಕ್ಕ ಬಹಳ ತಪ್ಪಲಾರದು.

13
ಹುಲಸೂರಿನಿಂದ ಭಾಲ್ಕಿ ದೂರವಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನೂರು ದಾಟಿ ಬದುಕಿ 1999ರ ಏಪ್ರಿಲ್ 22ರಂದು ಲಿಂಗೈಕ್ಯರಾದರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು. ಬಸವಕಲ್ಯಾಣದ ಅನುಭವ ಮಂಟಪದ ಹಿಂದಿನ ಶ್ರಮ ಅವರದು. ಅವರು ಹುಟ್ಟಿದಾಗ ಬಿಪಿ ನೋಡುವ ತೋಳಪಟ್ಟಿಯೇ ಇರಲಿಲ್ಲ. ಇಟಲಿಯ ರೀವಾ-ರೋಚಿ ಅದನ್ನು ಮಾಡಿದ್ದು 1896ರಲ್ಲಿ. ಪಟ್ಟಿಯ ಕೆಳಗೆ ಕಿವಿಗೊಟ್ಟು ಸದ್ದು ಕೇಳುವ ಕ್ರಮವನ್ನು ರಷ್ಯಾದ ಕೊರೊಟ್ಕಾಫ್ ಹೇಳಿದ್ದು 1905ರಲ್ಲಿ.

14
1896ರಲ್ಲಿ ವಿಶ್ವೇಶ್ವರಯ್ಯನವರು ಮೂವತ್ತೈದರ ಆಸುಪಾಸು. ಅವರೂ ನೂರು ತುಂಬಿ 1962ರವರೆಗೆ ಬದುಕಿದರು.

15
ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ: 1907ರ ಏಪ್ರಿಲ್ 1ರಿಂದ 2019ರ ಜನವರಿ 21. ಕೊನೆಯ ಶಸ್ತ್ರಚಿಕಿತ್ಸೆ 2018ರ ಡಿಸೆಂಬರಿನಲ್ಲಿ, ಚೆನ್ನೈಯಲ್ಲಿ, 111ನೆಯ ವಯಸ್ಸಿನಲ್ಲಿ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ: 1913ರಿಂದ 2021, 107 ವರ್ಷ. ಸ್ವಾತಂತ್ರ್ಯ ಹೋರಾಟಗಾರ ಎಚ್. ಎಸ್. ದೊರೆಸ್ವಾಮಿ: 103. ಕವಿ ಕೈಯಾರ ಕಿಞ್ಞಣ್ಣ ರೈ: 100.

16
ಬಿಪಿ ನೋಡುವುದನ್ನು ಹತ್ತಿರದಿಂದ ನೋಡಿದೆ. ಪಡಸಾಲೆಯಲ್ಲಿ ಆಯಿ ನೆಲಕ್ಕೆ ಕುಳಿತಿದ್ದಾರೆ, ಬೆನ್ನಿಗೆ ಆಸರೆ ಇಲ್ಲ. ಕುಪ್ಪಸದ ತೋಳು ಬಿಗಿ. ಅದರ ಮೇಲೆಯೇ ಪಟ್ಟಿ. ತೋಳು ಮುಂಗೈಯಷ್ಟೇ ಸಣ್ಣದು, ಪಟ್ಟಿ ಎರಡು ಸುತ್ತು ಬಂದು ಜಾರುತ್ತದೆ. ಮುಂಗೈ ತುಂಬ ಹಸಿರು ಹಚ್ಚೆ. ಯಂತ್ರ ಗುಂಯ್‌ಗುಟ್ಟುತ್ತದೆ, ಆಯಿ ಮಾತು ನಿಲ್ಲಿಸುವುದಿಲ್ಲ. ಮೊಮ್ಮಗನ ನೌಕರಿ, ಎಮ್ಮೆಯ ಹಾಲು. ಅಂಕಿ ಬರುತ್ತದೆ: 168/64.

17
ತಿಳಿದವರು ಹೇಳುವ ಕ್ರಮ: ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ತೋಳು ಎದೆಯ ಮಟ್ಟಕ್ಕೆ, ಬಟ್ಟೆಯ ಮೇಲೆ ಪಟ್ಟಿ ಬೇಡ. ಮಾತಾಡಿದರೆ ಅಂಕಿ ಏರುತ್ತದೆ. ಮೂತ್ರ ತಡೆದು ಕುಳಿತರೂ ಏರುತ್ತದೆ. ತೋಳು ಕೆಳಗೆ ಜೋತುಬಿದ್ದರೂ ಏರುತ್ತದೆ. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಇಳಿಯುತ್ತದೆ. ಆಯಿಯ 168ರಲ್ಲಿ ಇವುಗಳಲ್ಲಿ ಹಲವು ಸೇರಿವೆ.

18
ಮೇಲಿನ ಅಂಕಿ 168, ಕೆಳಗಿನದು 64. ಇಷ್ಟು ಅಂತರ ಮುಪ್ಪಿನ ಗುರುತು. ಐವತ್ತು ಅರವತ್ತರ ನಂತರ ದೊಡ್ಡ ರಕ್ತನಾಳ ಬಿರುಸಾಗುತ್ತ ಹೋಗುತ್ತದೆ. ಮೇಲಿನದು ಏರುತ್ತದೆ, ಕೆಳಗಿನದು ಇಳಿಯುತ್ತದೆ.

19
ಕೆಲವು ಮುದುಕರ ತೋಳಿನ ನಾಳ ಸುಣ್ಣಗಟ್ಟಿ ಎಷ್ಟು ಗಟ್ಟಿಯಾಗಿರುತ್ತದೆ ಎಂದರೆ ಪಟ್ಟಿ ಬಿಗಿದರೂ ಮುಚ್ಚುವುದಿಲ್ಲ. ಒಳಗೆ ಇರುವುದಕ್ಕಿಂತ ಹೆಚ್ಚಿನ ಅಂಕಿ ಹೊರಗೆ ಕಾಣುತ್ತದೆ.

20
ಹಳೆಯ ಡಾಕ್ಟರರ ಲೆಕ್ಕ: ವಯಸ್ಸಿಗೆ ನೂರು ಕೂಡಿಸು, ಅದೇ ಸರಿಯಾದ ಬಿಪಿ. ತೊಂಬತ್ತರವರಿಗೆ 190. ಅರವತ್ತು ದಾಟಿದ ಔಷಧಿ ಅಂಗಡಿಯವರೊಬ್ಬರು ಈಗಲೂ ಇದೇ ಲೆಕ್ಕ ಹೇಳಿದರು.

21
1931ರಲ್ಲಿ ಅಮೆರಿಕದ ಹೃದಯತಜ್ಞ ಪಾಲ್ ಡಡ್ಲಿ ವೈಟ್ ತಮ್ಮ ಗ್ರಂಥದಲ್ಲಿ ಒಂದು ಸಂದೇಹ ಬರೆದರು. ಏರಿದ ಬಿಪಿ ದೇಹ ತಾನೇ ಮಾಡಿಕೊಂಡ ಸರಿದೂಗಿಕೆಯೂ ಇರಬಹುದು. ಇಳಿಸಲು ಸಾಧ್ಯವಾದರೂ ಕೈಹಾಕುವುದು ತರವಲ್ಲದಿರಬಹುದು.

22
ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡದ್ದು 1945ರ ಏಪ್ರಿಲ್ 12ರಂದು, ಮಿದುಳಿನ ರಕ್ತಸ್ರಾವದಿಂದ. ಆ ದಿನ ವೈದ್ಯರು ನೋಡಿದ ಬಿಪಿಯಲ್ಲಿ ಮೇಲಿನ ಅಂಕಿ 300ಕ್ಕೂ ಮೇಲೆ, ಕೆಳಗಿನದು 190. ವಯಸ್ಸು 63. ದೇಶದ ಅತ್ಯುತ್ತಮ ವೈದ್ಯರು ಪಕ್ಕದಲ್ಲಿದ್ದರು. ಕೊಡಲು ಪರಿಣಾಮಕಾರಿ ಗುಳಿಗಿ ಇರಲಿಲ್ಲ.

23
ನಾಲ್ಕು ವರ್ಷದ ನಂತರ, 1949ರಲ್ಲಿ, ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ ಸರ್ಪಗಂಧದ ಬೇರಿನಿಂದ ಬಿಪಿ ಇಳಿಯುತ್ತದೆ ಎಂದು ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಬರೆದರು. ನಮ್ಮ ನಾಟಿ ವೈದ್ಯರಿಗೆ ಆ ಬೇರು ಹೊಸದಲ್ಲ.

24
1991ರಲ್ಲಿ ಅಮೆರಿಕದ ಪ್ರಯೋಗವೊಂದರ ಫಲ ಬಂತು. ಮೇಲಿನ ಅಂಕಿ ಮಾತ್ರ ಏರಿದ್ದ, 60 ದಾಟಿದ 4736 ಮಂದಿ. ಗುಳಿಗಿ ತಿಂದವರಲ್ಲಿ ಲಕ್ವಾ ಶೇ. 36 ಕಡಿಮೆ. ಮುಖ್ಯ ಗುಳಿಗಿ ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್. ಅದು ಸಾಲದವರಲ್ಲಿ ಕೆಲವರಿಗೆ ಸರ್ಪಗಂಧದ ರೆಸರ್ಪಿನ್.

25
ಅದೇ ಜನರನ್ನು ಇಪ್ಪತ್ತು ವರ್ಷ ದಾಟಿದ ಮೇಲೆ ಮತ್ತೆ ಲೆಕ್ಕ ಹಾಕಿದರು. ಒಂದು ತಿಂಗಳು ಗುಳಿಗಿ ತಿಂದದ್ದಕ್ಕೆ ಆಯುಷ್ಯದಲ್ಲಿ ಕೂಡಿದ್ದು ಸುಮಾರು ಒಂದು ದಿನ. ಈ ಅಂಕಿಯ ಮುಂದೆ ಬಹಳ ಹೊತ್ತು ಕುಳಿತೆ. ಕಡಿಮೆ ಎನ್ನಲಾರೆ, ಹೆಚ್ಚು ಎನ್ನಲಾರೆ.

26
ಫಿನ್ಲೆಂಡಿನ ತಾಂಪೆರೆ ಊರು. 85 ದಾಟಿದ 561 ಮಂದಿಯ ಬಿಪಿ ನೋಡಿ ಐದು ವರ್ಷ ಕಾದರು. 1988ರಲ್ಲಿ ಬರೆದರು: ಹೆಚ್ಚು ಮಂದಿ ಉಳಿದದ್ದು ಮೇಲಿನ ಅಂಕಿ 160 ಮತ್ತು ಅದಕ್ಕೂ ಮೇಲಿದ್ದವರಲ್ಲಿ. ಹೆಚ್ಚು ಮಂದಿ ಸತ್ತದ್ದು ಬಿಪಿ ತೀರ ಕಡಿಮೆ ಇದ್ದವರಲ್ಲಿ.

27
ನೆದರ್ಲೆಂಡ್ಸ್‌ನ ಲೈಡನ್ ಊರು. 1997ರಿಂದ 1999ರ ನಡುವೆ 85 ತುಂಬಿದವರನ್ನು ಮನೆಮನೆಗೆ ಹೋಗಿ ಕಂಡರು. 599 ಮಂದಿ ಸೇರಿದರು. ಅಲ್ಲಿಯೂ ಏರಿದ ಬಿಪಿಯಿಂದ ಸಾವು ಹೆಚ್ಚಲಿಲ್ಲ. ಇಳಿದ ಬಿಪಿಯವರಲ್ಲಿ ಹೆಚ್ಚಿತು.

28
ಎಂಟುನೂರು ವರ್ಷದ ಹಿಂದಿನ ಕಲ್ಯಾಣದ ಇತಿಹಾಸ ಬರೆದವರು ಉಳಿದ ಕಲ್ಲುಗಳನ್ನು ನೋಡಿ ಬರೆದರು. ಬಿದ್ದ ಗುಡಿಗಳ ಲೆಕ್ಕ ಯಾರ ಬಳಿಯೂ ಇಲ್ಲ. 85ರವರ ಬಿಪಿ ಲೆಕ್ಕವೂ ಉಳಿದವರದ್ದೇ. ಬಿಪಿ ಕೊಲ್ಲಬಹುದಾಗಿದ್ದವರು ಐವತ್ತರಲ್ಲಿ, ಅರವತ್ತರಲ್ಲಿ ಹೋಗಿರುತ್ತಾರೆ.

29
ಇಳಿದ ಬಿಪಿ ಬೇನೆಯ ಗುರುತೂ ಇರಬಹುದು. ಹೃದಯ ಸೋತರೆ ಬಿಪಿ ಇಳಿಯುತ್ತದೆ. ತೂಕ ಕಳೆದರೆ ಇಳಿಯುತ್ತದೆ. ಊಟ ಬಿಟ್ಟರೆ ಇಳಿಯುತ್ತದೆ.

30
ಬ್ರಿಟನ್ನಿನಲ್ಲಿ 60 ದಾಟಿ ತೀರಿಕೊಂಡ 46,634 ಮಂದಿಯ ದವಾಖಾನೆ ದಾಖಲೆಗಳನ್ನು ಹಿಂದಕ್ಕೆ ತಿರುವಿ ನೋಡಿದರು. ಪ್ರಕಟವಾದದ್ದು 2018ರಲ್ಲಿ. ಮೇಲಿನ ಅಂಕಿ ಶಿಖರ ಮುಟ್ಟಿದ್ದು ಸಾವಿಗೆ 14ರಿಂದ 18 ವರ್ಷ ಮೊದಲು. ಅಲ್ಲಿಂದ ಇಳಿಕೆ. ಗುಳಿಗಿ ತಿನ್ನದವರಲ್ಲಿಯೂ ಇಳಿದಿದೆ.

31
‘ಮೊದಲ ಹೈ ಇತ್ತು, ಈಗ ತಾನೇ ಕಮ್ಮಿ ಆಗ್ಯದ, ಗುಳಿಗಿನೇ ಬ್ಯಾಡ’ ಎಂದು ಒಬ್ಬ ಮಗ ತಂದೆಯ ಬಗ್ಗೆ ಸಂತೋಷದಿಂದ ಹೇಳಿದ. ತಂದೆಗೆ ಎಂಬತ್ತೆಂಟು ಎಂಬತ್ತೊಂಬತ್ತು ಇರಬೇಕು. ಧೋತರದ ಗಂಟನ್ನು ಎರಡು ಸಲ ಬಿಗಿ ಮಾಡಿಕೊಂಡರು.

32
ಕ್ಯಾಲಿಫೋರ್ನಿಯಾದಲ್ಲಿ ತೊಂಬತ್ತು ದಾಟಿದವರ ಮೇಲೊಂದು ಅಧ್ಯಯನ ನಡೆದಿದೆ. ನಡುವಯಸ್ಸಿನಲ್ಲಿ ಏರಿದ ಬಿಪಿ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ ಎಂಬುದು ಗೊತ್ತಿದ್ದ ಮಾತು. ಈ ಅಧ್ಯಯನದಲ್ಲಿ ಕಂಡದ್ದು ಬೇರೆ. ಎಂಬತ್ತರ ನಂತರ ಮೊದಲ ಸಲ ಬಿಪಿ ಕಾಣಿಸಿಕೊಂಡವರಲ್ಲಿ ಮರೆವು ಕಡಿಮೆ. ತೊಂಬತ್ತರ ನಂತರ ಕಾಣಿಸಿಕೊಂಡವರಲ್ಲಿ ಇನ್ನೂ ಕಡಿಮೆ.

33
ಇಷ್ಟನ್ನೇ ಓದಿ ಗುಳಿಗಿ ಬಿಸಾಡುವ ಹಾಗಿಲ್ಲ. 2008ರಲ್ಲಿ ಪ್ರಕಟವಾದ ಹೈವೆಟ್ ಪ್ರಯೋಗ: 80 ಮತ್ತು ಅದಕ್ಕೂ ಮೇಲ್ಪಟ್ಟ 3845 ಮಂದಿ, ಮೇಲಿನ ಅಂಕಿ 160 ಮತ್ತು ಅದಕ್ಕೂ ಮೇಲೆ. ಅರ್ಧ ಜನಕ್ಕೆ ಇಂಡಪಮೈಡ್, ಬೇಕಾದರೆ ಜೊತೆಗೆ ಪೆರಿಂಡೊಪ್ರಿಲ್. ಉಳಿದ ಅರ್ಧಕ್ಕೆ ಔಷಧ ಇಲ್ಲದ ಗುಳಿಗಿ. ಗುರಿ 150/80. ಗುಳಿಗಿಯವರಲ್ಲಿ ಸಾವು ಶೇ. 21 ಕಡಿಮೆ, ಲಕ್ವಾದ ಸಾವು ಶೇ. 39 ಕಡಿಮೆ, ಹೃದಯ ಸೋಲುವುದು ಶೇ. 64 ಕಡಿಮೆ. ಫಲ ಇಷ್ಟು ಸ್ಪಷ್ಟವಾದದ್ದರಿಂದ ಅವಧಿಗೆ ಮೊದಲೇ ಪ್ರಯೋಗ ನಿಲ್ಲಿಸಿದರು.

34
ಅದೇ ಪ್ರಯೋಗದ ಬಾಗಿಲಲ್ಲಿ ತಡೆದವರ ಪಟ್ಟಿ: ಮರೆವಿನ ಕಾಯಿಲೆಯವರು, ಆರೈಕೆ ಕೇಂದ್ರದಲ್ಲಿ ಇರಬೇಕಾದವರು, ಎದ್ದು ನಿಂತಾಗ ಮೇಲಿನ ಅಂಕಿ 140ಕ್ಕಿಂತ ಕೆಳಗೆ ಹೋಗುವವರು.

35
ಹುಲಸೂರಿನಲ್ಲಿ ನಾನು ಕಂಡ ತೊಂಬತ್ತರವರಲ್ಲಿ ಆ ಬಾಗಿಲು ದಾಟುವವರು ಕಡಿಮೆ ಎನಿಸಿತು.

36
ಎದ್ದು ನಿಂತ ಮೂರು ನಿಮಿಷದ ಒಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಗಮನಿಸಬೇಕು ಎಂದು ವೈದ್ಯರ ನಿಯಮ. ಇಲ್ಲಿ ಮುತ್ಯಾಂದಿರು ಹೇಳುವುದು: ‘ಎದ್ದಕೂಡ್ಲೆ ಚಕ್ಕರ್ ಬರ್ತದ, ಕಂಬಾ ಹಿಡ್ಕೊಂಡು ನಿಂದರ್ತೀನಿ.’

37
ನಿಲ್ಲಿಸಿ ಬಿಪಿ ನೋಡಿದ್ದನ್ನು ಒಮ್ಮೆಯೂ ಕಾಣಲಿಲ್ಲ. ಹೊರಗೆ ಸಾಲು ಉದ್ದ ಇರುತ್ತದೆ. ಒಬ್ಬ ಮುದುಕರನ್ನು ಕೂರಿಸಿ, ನಿಲ್ಲಿಸಿ, ಮೂರು ನಿಮಿಷ ಕಾಯುವಷ್ಟರಲ್ಲಿ ನಾಲ್ವರ ಬಿಪಿ ಮುಗಿಯುತ್ತದೆ.

38
ಅಮ್ಲೋಡಿಪಿನ್ ತಿನ್ನುವ ಕೆಲವರಿಗೆ ಪಾದ ಬಾಯುತ್ತದೆ. ಆ ಬಾವು ಇಳಿಸಲು ಮೂತ್ರದ ಗುಳಿಗಿ. ಮೂತ್ರಕ್ಕೆ ರಾತ್ರಿ ಏಳುವುದು. ಬಚ್ಚಲು ಅಂಗಳದ ಆಚೆ. ನಡುವೆ ಹೊಸ್ತಿಲು, ಎರಡು ಕಲ್ಲಿನ ಮೆಟ್ಟಿಲು, ಕತ್ತಲೆ.

39
ಈ ಊರಿನಲ್ಲಿ ಲಕ್ವಾ ಹೊಡೆದು ಮಂಚ ಹಿಡಿದವರು ಇದ್ದಾರೆ. ಬಿದ್ದು ಸೊಂಟದ ಎಲುಬು ಮುರಿದು ಮಂಚ ಹಿಡಿದವರೂ ಇದ್ದಾರೆ. ಮಂಚ ಒಂದೇ ಥರ.

40
ಊಟವಾದ ಮೇಲೆ ಒಂದೆರಡು ತಾಸು ಮುದುಕರ ಬಿಪಿ ಇಳಿಯುತ್ತದೆ. ಹೊಟ್ಟೆ ತುಂಬ ಉಂಡಷ್ಟೂ ಹೆಚ್ಚು. ಹಬ್ಬದ ಹುಗ್ಗಿ ಉಂಡು ಎದ್ದ ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮನೆಯವರು ‘ಉಂಡ ಮ್ಯಾಲ ಹಂಗೇ ಅವರು’ ಎಂದರು.

41
ಬಿಸಿಲಿನಲ್ಲಿ ಬಿಪಿ ಇಳಿಯುತ್ತದೆ, ಚಳಿಯಲ್ಲಿ ಏರುತ್ತದೆ. ಬೀದರ ಸೀಮೆಯ ಏಪ್ರಿಲ್ ಮೇ ಬಿಸಿಲಿಗೂ ಡಿಸೆಂಬರಿನ ಚಳಿಗೂ ಚೀಟಿಯಲ್ಲಿ ಗುಳಿಗಿ ಅಷ್ಟೇ.

42
ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಉಪ್ಪು ಇರುವುದು ಶೇಂಗಾ ಹಿಂಡಿಯಲ್ಲಿ, ಉಪ್ಪಿನಕಾಯಿಯಲ್ಲಿ, ಸಂಜೆ ಚಾದ ಜೊತೆಯ ಫರಾಳದಲ್ಲಿ. ಹಲ್ಲು ಹೋದವರು ರೊಟ್ಟಿ ಮುರಿದು ಬಿಸಿ ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಆ ಸಾರಿನಲ್ಲಿಯೂ ಉಪ್ಪು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

43
ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪು ತಿನ್ನುವುದಿಲ್ಲ ಎನ್ನುವಷ್ಟು ಕಡಿಮೆ. ಅವರ ಸರಾಸರಿ ಬಿಪಿ 95/61. ವಯಸ್ಸಾದರೂ ಏರುವುದಿಲ್ಲ. 1988ರ ಇಂಟರ್‌ಸಾಲ್ಟ್ ಅಧ್ಯಯನ 32 ದೇಶಗಳ 52 ಕಡೆ ಬಿಪಿ ಮತ್ತು ಉಪ್ಪಿನ ಲೆಕ್ಕ ತೆಗೆಯಿತು. ದೆಹಲಿಯೂ ಲಡಾಖೂ ಅದರಲ್ಲಿದ್ದವು. ದೀರ್ಘಾಯುಷ್ಯದ ಪಟ್ಟಿಗಳಲ್ಲಿ ಯಾನೊಮಾಮಿಗಳು ಇಲ್ಲ.

44
ಇಟಲಿಯ ಉಂಬ್ರಿಯಾದಲ್ಲಿ ಕೋಟೆಯಂಥ ಮಠದೊಳಗೆ ಮೌನದಲ್ಲಿ ಬದುಕುವ 144 ಸನ್ಯಾಸಿನಿಯರನ್ನು, ಹೊರಗೆ ಸಂಸಾರದಲ್ಲಿರುವ 138 ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರು. ಉಪ್ಪು ಇಬ್ಬರದೂ ಹೆಚ್ಚುಕಡಿಮೆ ಅಷ್ಟೇ. ಹೊರಗಿನವರ ಬಿಪಿ ವಯಸ್ಸಿನೊಂದಿಗೆ ಏರಿತು. ಒಳಗಿನವರದು ಏರಲಿಲ್ಲ.

45
ಹುಲಸೂರಿನ ಈ ಆಯಿಯಂದಿರ ಲೆಕ್ಕ ಬೇರೆ. ಗದ್ದಲದಲ್ಲಿ ಓಡಿದವರು. ಹೆತ್ತು, ಹೆತ್ತದ್ದರಲ್ಲಿ ಕೆಲವನ್ನು ಮಣ್ಣಿಗಿಟ್ಟವರು. 1972ರ ಬರಗಾಲದಲ್ಲಿ ಕಲ್ಲು ಹೊತ್ತವರು. ಮೌನ ಯಾವ ಕಾಲಕ್ಕೂ ಸಿಕ್ಕಿದ್ದಿಲ್ಲ.

46
1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ಇಲ್ಲಿಯೂ ನಡುಗಿಸಿತು. ‘ಭೂಕಂಪ ಆದಾಗಿಂದ ನನಗ ಬಿಪಿ ಅದ’ ಎಂದು ಹೇಳುವವರಿದ್ದಾರೆ. 1995ರ ಕೋಬೆ ಭೂಕಂಪದ ನಂತರ ಜಪಾನಿನ ವೈದ್ಯರು ನೋಡಿದ್ದು: ಬಿಪಿ ಏರಿತು, ಬಹಳ ಮಂದಿಯಲ್ಲಿ ಕೆಲವು ವಾರಗಳಲ್ಲಿ ಇಳಿಯಿತು.

47
ನಡುವಯಸ್ಸಿನವರೆಗೆ ಗಂಡಸರ ಬಿಪಿ ಹೆಚ್ಚು. ಅರವತ್ತು ದಾಟಿದ ಮೇಲೆ ಹೆಂಗಸರದು ಹೆಚ್ಚು. ಹೆಚ್ಚು ವರ್ಷ ಬದುಕುವವರೂ ಹೆಂಗಸರೇ.

48
2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ ಶುರುವಾಯಿತು. ಮನೆಗೇ ಬಂದು 30 ದಾಟಿದವರ ಬಿಪಿ, ಶುಗರ್ ನೋಡುವುದು. ಒಳ್ಳೆಯ ಕೆಲಸ. ನಲವತ್ತರ ಮಗ ತನಗೆ ಬಿಪಿ ಇದೆ ಎಂದು ತಿಳಿಯುವುದು ಇಂಥ ದಿನವೇ. ಒಂದೇ ಪಡಸಾಲೆಯಲ್ಲಿ ಮಗನ 150, ತಾಯಿಯ 150. ಮಗನ 150ಕ್ಕೆ ಮುಂದೆ ಮೂವತ್ತು ವರ್ಷ ಇದೆ.

49
ಗುಳಿಗಿ ತಿನ್ನುವ ಬಗೆಗಳು: ತಲೆನೋವು ಬಂದ ದಿನ ಮಾತ್ರ. ಡಾಕ್ಟರರ ಹತ್ತಿರ ಹೋಗುವ ದಿನ ಮಾತ್ರ. ಗಂಡನದು ಮುಗಿದರೆ ಹೆಂಡತಿಯದು. ಉಪವಾಸದ ದಿನ ಇಲ್ಲ. ಬಿಪಿ ಸರಿಯಾಯಿತು ಎಂದು ತಿಳಿದ ಮರುದಿನದಿಂದ ಇಲ್ಲ.

50
ಸರಿಯಾಗಿ ತಿನ್ನುವವರೂ ಇದ್ದಾರೆ. ಒಬ್ಬ ಸೊಸೆ ಖಾಲಿ ಬೆಂಕಿಪೊಟ್ಟಣಗಳಲ್ಲಿ ಅತ್ತೆಯ ಗುಳಿಗಿ ಇಟ್ಟಿದ್ದರು. ಮುಂಜಾನೆಯ ಪೊಟ್ಟಣದ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ, ಪೆನ್ನಿನಲ್ಲಿ ಬರೆದದ್ದು. ಅತ್ತೆಗೆ ಓದು ಬರುವುದಿಲ್ಲ. ಅತ್ತೆಯ ಬಿಪಿ 146.

51
ಫ್ರಾನ್ಸ್ ಮತ್ತು ಇಟಲಿಯ ಆರೈಕೆ ಕೇಂದ್ರಗಳಲ್ಲಿ 80 ದಾಟಿದ 1127 ಮಂದಿಯನ್ನು ನೋಡಿದರು. 2015ರ ವರದಿ: ಎರಡು ಅಥವಾ ಹೆಚ್ಚು ಬಿಪಿ ಗುಳಿಗಿ ತಿನ್ನುತ್ತಿದ್ದು, ಮೇಲಿನ ಅಂಕಿ 130ಕ್ಕಿಂತ ಕೆಳಗಿದ್ದವರಲ್ಲಿ ಸಾವು ಹೆಚ್ಚು.

52
ಹತ್ತು ವರ್ಷದ ನಂತರ ಇನ್ನೊಂದು ವರದಿ ಬಂತು: ಫ್ರಾನ್ಸಿನಲ್ಲಿ ಅಂಥವರನ್ನೇ, ಸಾವಿರಕ್ಕೂ ಹೆಚ್ಚು ಮಂದಿಯನ್ನು, ಎರಡು ಗುಂಪು ಮಾಡಿದರು. ಒಂದು ಗುಂಪಿನ ಗುಳಿಗಿ ಮೆಲ್ಲಗೆ ಇಳಿಸಿದರು. ಇನ್ನೊಂದನ್ನು ಹಾಗೆಯೇ ಬಿಟ್ಟರು. ಸತ್ತವರು ಎರಡೂ ಕಡೆ ನೂರಕ್ಕೆ ಅರವತ್ತರ ಆಸುಪಾಸು. ಇಳಿಸಿದ್ದರಿಂದ ಉಳಿಯಲಿಲ್ಲ, ಇಳಿಸಿದ್ದರಿಂದ ಸಾಯಲೂ ಇಲ್ಲ.

53
ಇಂಗ್ಲೆಂಡಿನಲ್ಲಿ 80 ದಾಟಿದ 569 ಮಂದಿ. ಎರಡು ಮತ್ತು ಹೆಚ್ಚು ಬಿಪಿ ಗುಳಿಗಿಯವರು. ಅರ್ಧ ಜನರ ಒಂದು ಗುಳಿಗಿ ತೆಗೆದರು. ಮೂರು ತಿಂಗಳಾದ ಮೇಲೂ ನೂರಕ್ಕೆ 86 ಮಂದಿಯ ಬಿಪಿ 150ರ ಒಳಗೇ ಇತ್ತು. ತೆಗೆಯದವರಲ್ಲಿ 88. ತೆಗೆದದ್ದು ವೈದ್ಯರು, ಬಿಪಿ ನೋಡುತ್ತ.

54
ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 75 ದಾಟಿದ 2636 ಮಂದಿ ಇದ್ದರು. ಅವರಲ್ಲಿ ಬಿಪಿಯನ್ನು 120ಕ್ಕಿಂತ ಕೆಳಗೆ ಇಳಿಸಲು ಹೊರಟ ಗುಂಪಿನಲ್ಲಿ ಸಾವು ಕಡಿಮೆ ಆಯಿತು. ತಾಂಪೆರೆಯ ಪುಟ, ಸ್ಪ್ರಿಂಟ್ ಪುಟ, ಎರಡೂ ಎದುರುಬದುರು ಇವೆ. ಎರಡೂ ಕಡೆ ಕೆಲಸ ಮಾಡಿದವರು ಪ್ರಾಮಾಣಿಕರು.

55
ಸ್ಪ್ರಿಂಟ್‌ನಲ್ಲಿ ಬಿಪಿ ನೋಡಿದ ಕ್ರಮ: ಐದು ನಿಮಿಷ ಸುಮ್ಮನೆ ಕೂರಿಸಿ, ಯಂತ್ರದಿಂದ, ಮೂರು ಸಲ, ಸರಾಸರಿ.

56
ಯುರೋಪಿನ ಈಚಿನ ಮಾರ್ಗಸೂಚಿಗಳು 80 ದಾಟಿದವರ ಚಿಕಿತ್ಸೆಯಲ್ಲಿ ವಯಸ್ಸಿಗಿಂತ ಕಸುವು ನೋಡಿ ಎನ್ನುತ್ತವೆ. ತಾನಾಗಿ ಎದ್ದು ನಡೆಯುತ್ತಾರೋ, ತೂಕ ಇಳಿಯುತ್ತಿದೆಯೋ, ನಿಂತಾಗ ಬಿಪಿ ಬೀಳುತ್ತದೆಯೋ.

57
ಬಿಪಿ 168ರ ಆ ಆಯಿ ನೆಲದಿಂದ ಏಳಲು ಎರಡೂ ಕೈ ಊರಿದರು. ಮೊಮ್ಮಗಳು ಕೈ ಕೊಡಲು ಬಂದಾಗ ‘ಬ್ಯಾಡ, ನಾ ಏಳ್ತೀನಿ’ ಎಂದರು. ಎದ್ದರು. ಸ್ವಲ್ಪ ಹೊತ್ತು ನಿಂತರು. ಆಮೇಲೆ ದನದ ಕೊಟ್ಟಿಗೆಗೆ ಹೋದರು.

58
ಮನೆಯಲ್ಲಿ ತೊಂಬತ್ತರ ಆಸುಪಾಸಿನ ಹಿರಿಯರಿದ್ದರೆ, ಮುಂದಿನ ಸಲ ದವಾಖಾನೆಗೆ ಕರೆದೊಯ್ಯುವಾಗ ಅವರು ತಿನ್ನುವ ಎಲ್ಲ ಗುಳಿಗಿಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಕುಳಿತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿರೆಂದು ಕೇಳಿರಿ. ಚಕ್ಕರ್ ಬರುವುದನ್ನು, ಬಿದ್ದದ್ದನ್ನು, ತೂಕ ಇಳಿದದ್ದನ್ನು ತಪ್ಪದೆ ಹೇಳಿರಿ. ಯಾವ ಗುಳಿಗಿಯನ್ನೂ ನೀವಾಗಿ ನಿಲ್ಲಿಸಬೇಡಿರಿ.